ಬೇಜಾರು ಎಂದವರ ಮನೆಗಳಲ್ಲಿ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಮಾತ್ರೆಗಳ ಬಗ್ಗೆ. ಯಾವುದರಿಂದ ನಿದ್ದೆ ಹೆಚ್ಚು, ಯಾವುದರಿಂದ ಬಾಯಿ ಒಣಗುತ್ತದೆ, ಯಾವುದನ್ನು ಬೆಳಿಗ್ಗೆ ಕೊಡಬೇಕು. ಅದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಿ. ನಾನು ಹೇಳಬೇಕೆಂದಿರುವುದು ಒಂದು ಪದದ ಬಗ್ಗೆ. ಕೋಲಾರದ ಕಡೆ ಮಾನಸಿಕ ಆರೋಗ್ಯ ತಂಡದಲ್ಲಿ ನರ್ಸಾಗಿ, ಜೀಪು ಹತ್ತಿ ಇಳಿದು ಮಂಡಿ ಸವೆಸಿಕೊಂಡ ಅಷ್ಟೂ ವರ್ಷ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಪದ ಅದು. ಮಾಲೂರಿನಲ್ಲಿ ಕನ್ನಡದವರು, ಮುಳಬಾಗಿಲಿನಲ್ಲಿ ಉರ್ದುವಿನವರು, ಶ್ರೀನಿವಾಸಪುರದ ಆಚೆ ತೆಲುಗಿನವರು, ಎಲ್ಲರೂ ಅದನ್ನೇ ಹೇಳುತ್ತಿದ್ದರು.

"ಏನಮ್ಮಾ ತೊಂದ್ರೆ?"

"ಏನಿಲ್ಲ ಸಿಸ್ಟರೇ, ಒಂಥರಾ ಬೇಜಾರು."

ಬಸ್ಸು ತಡವಾದರೆ ನಮಗೆ ಬೇಜಾರು. ಮದುವೆಗೆ ಬಾಯಿ ಮಾತಲ್ಲಿ ಕರೆದು ಮನೆಗೆ ಬಂದು ಕರೆಯದಿದ್ದರೆ ಬೇಜಾರು. ಬೇಜಾರು ಮಾಡ್ಕೋಬೇಡಿ ಎಂದರೆ ತಪ್ಪು ತಿಳಿಯಬೇಡಿ ಎಂದರ್ಥ. ಬೇಜಾರಿಗೆ ಟೀವಿ ಹಾಕಿಕೊಂಡೆ ಎಂದರೆ ಹೊತ್ತು ಹೋಗಲಿಲ್ಲ ಎಂದರ್ಥ. ಇಷ್ಟೆಲ್ಲ ಕೆಲಸಕ್ಕೆ ಬರುವ ಪದವನ್ನು ಹಿಡಿದುಕೊಂಡು ಒಬ್ಬ ಹೆಂಗಸು ಬಿಸಿಲಲ್ಲಿ ನಡೆದು ಆಸ್ಪತ್ರೆಗೆ ಬಂದು ಕೂತಿದ್ದಾಳೆ ಎಂದರೆ ಅವಳ ಮನಸ್ಸಿನಲ್ಲಿ ಏನಿದೆ ಎಂದು ಹೇಗೆ ತಿಳಿಯಬೇಕು? ಮೊದಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಹೇಳಿದ್ದನ್ನು ಹಾಗೇ ಚೀಟಿಯ ಮೇಲೆ ಬರೆದು ಒಳಗೆ ಕಳಿಸುತ್ತಿದ್ದೆ.

ಒಳಗೆ ಕೂತಿದ್ದವರು ನಮ್ಮ ಡಾಕ್ಟರ್ ಮೇಡಂ. ಸಣ್ಣ ಆಳು, ಮಾತು ಕಡಿಮೆ, ನಕ್ಕಿದ್ದನ್ನು ನೋಡಿದವರೂ ಕಡಿಮೆ. ಒಂದು ದಿನ ಚೀಟಿಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಂಡು ಹೊರಗೆ ಬಂದರು. ಎಲ್ಲದರ ಮೇಲೂ ಕೆಂಪು ಗೀಟು.

"ಏನು ಸಿಸ್ಟರ್ ಇದು? ಬೇಜಾರು, ಬೇಜಾರು, ಬೇಜಾರು."

"ಅವರು ಹೇಳಿದ್ದನ್ನೇ ಬರ್ದಿದ್ದೀನಿ ಮೇಡಂ."

"ಜ್ವರ ಅಂತ ಬಂದ್ರೆ ಎಷ್ಟು ಜ್ವರ ಅಂತ ನೋಡ್ತೀರ ತಾನೆ? ಇದನ್ನೂ ನೋಡಿ."

"ಇದಕ್ಕೆ ಥರ್ಮಾಮೀಟರ್ ಎಲ್ಲಿದೆ ಮೇಡಂ?" ನನ್ನ ಬಾಯಿ ಸುಮ್ಮನಿರುವುದಲ್ಲ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. "ಏನು ಮಾಡೋದು ಬಿಟ್ಟಿದ್ದಾರೆ ಅಂತ ಕೇಳಿ. ತಲೆ ಬಾಚೋದು ಬಿಟ್ರಾ, ಪಕ್ಕದ ಮನೆಗೆ ಹೋಗೋದು ಬಿಟ್ರಾ, ಹಸು ಮೈ ಸವರೋದು ಬಿಟ್ರಾ. ಅದನ್ನ ಬರೀರಿ. ಯಾವುದನ್ನ ಬಿಟ್ಟಿದ್ದಾರೆ ಅಂತ ಗೊತ್ತಾದ್ರೆ ಎಷ್ಟು ದೂರ ಹೋಗಿದ್ದಾರೆ ಅಂತ ಗೊತ್ತಾಗುತ್ತೆ" ಎಂದರು. ಅವತ್ತಿನಿಂದ ನಮ್ಮ ತಂಡದಲ್ಲಿ ಆ ಪದವನ್ನು ಬರೆಯುವಂತಿರಲಿಲ್ಲ. ಕೇಳುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ.

ಪದ ಎಲ್ಲಿಂದ ಬಂತು ಎಂಬ ಹುಚ್ಚು ನನಗೆ ಹತ್ತಿದ್ದು ಆಗಲೇ. ನಮ್ಮ ಬೇಸರವೇ ಬಾಯಿಂದ ಬಾಯಿಗೆ ಬಿದ್ದು ಬೇಜಾರು ಆಗಿರಬೇಕು ಎಂದು ನಾನು ನಂಬಿದ್ದೆ. ಮುಳಬಾಗಿಲಿನ ಕ್ಯಾಂಪಿನಲ್ಲಿ ಔಷಧಿ ಕೊಡುತ್ತಿದ್ದ ರಹಮತ್ ಸಾಹೇಬರ ಮುಂದೆ ಹಾಗೆಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಯಾರಾದರೂ ತಪ್ಪು ಹೇಳಿದರೆ ಮೊದಲು ಕನ್ನಡಕ ಒರೆಸುವ ಅಭ್ಯಾಸ.

"ಇಲ್ಲ ಸಿಸ್ಟರ್. ಬೇಸರ ನಿಮ್ದು, ಬೇಜಾರ್ ನಮ್ದು. ಫಾರಸಿಯಿಂದ ಬಂದು ಉರ್ದುಲಿ ಕೂತ್ಕೊಂಡಿದ್ದು. ನಮ್ಮ ಮನೇಲಿ ಅದು ಅಷ್ಟು ಹಗುರದ ಮಾತಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ನಮ್ಮಮ್ಮ ಒಂದೇ ಸಲ ಅಂದ್ರು, ದುನಿಯಾ ಸೇ ಬೇಜಾರ್ ಹೋಗಯೀ ಅಂತ. ನಾವು ಮಕ್ಕಳೆಲ್ಲ ಹೆದರಿಬಿಟ್ವಿ."

"ಯಾಕೆ, ಹಂಗಂದ್ರೆ ಏನು?"

"ಸಾಕಾಗಿದೆ ಅಂತ ಅಲ್ಲ. ಬಿಟ್ಟುಬಿಟ್ಟೆ ಅಂತ. ನಂಗೂ ಈ ಲೋಕಕ್ಕೂ ಇನ್ನು ಸಂಬಂಧ ಇಲ್ಲ ಅಂತ. ಅದು ಬೇಜಾರ್."

ಮನೆಗೆ ಬಂದು ನಿಘಂಟು ತೆಗೆದೆ. ಸಾಹೇಬರು ಹೇಳಿದ್ದು ನಿಜ. ಬೇಸರ ನಮ್ಮ ಹಳೆಗನ್ನಡದ್ದೇ, ತೆಲುಗಿನ ವೇಸಾರು ಅದರ ಒಡಹುಟ್ಟು, ತಮಿಳಿನಲ್ಲೂ ನೆಂಟರಿದ್ದಾರೆ. ದಣಿವು, ಸಾಕೆನಿಸುವುದು ಅದರ ಅರ್ಥ. ಬೇಜಾರು ಪರಸ್ಥಳದಿಂದ ಬಂದದ್ದು, ಜಿಗುಪ್ಸೆಯಿಂದ ದೂರ ಸರಿದವನು, ನಂಟು ಕಡಿದುಕೊಂಡವನು ಎಂಬ ಅರ್ಥ ಹೊತ್ತು ಬಂದದ್ದು. ನೋಡಲು ಒಂದೇ ಥರ ಇದ್ದದ್ದಕ್ಕೆ ನಮ್ಮ ಊರುಗಳಲ್ಲಿ ಎರಡೂ ಒಂದೇ ಮನೆಯಲ್ಲಿ ಇರತೊಡಗಿದವು. ಬಳಸಿ ಬಳಸಿ ನಾವು ಆ ಭಾರವಾದ ಅರ್ಥವನ್ನು ಮರೆತೆವು. ನಮ್ಮ ಡಾಕ್ಟರ್ ಮೇಡಂಗೆ ಉರ್ದುವಿನ ಗಂಧವೂ ಇರಲಿಲ್ಲ, ಆದರೂ ಏನನ್ನು ಬಿಟ್ಟಿದ್ದಾರೆ ಎಂದೇ ನಮ್ಮಿಂದ ಕೇಳಿಸುತ್ತಿದ್ದರು.

ಕೇಳಲು ಕಲಿತ ಮೇಲೆ ಎಷ್ಟೋ ಸಂಗತಿಗಳು ಗೊತ್ತಾದವು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಬಂದಿದ್ದಳು. ಬೇಜಾರು ಎಂದಳು. ನಾನು ಜಾಣೆಯ ಥರ ಮುಗುಳ್ನಕ್ಕು, ಹುಡುಗ ಯಾರಮ್ಮಾ ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನನ್ನ ನಗು ಆರಿಹೋಯಿತು. ಏನು ಬಿಟ್ಟಿದ್ದೀಯ ಎಂದು ಕೇಳಿದ ಮೇಲೆ ಹೇಳಿದಳು: ಅಡುಗೆ ಮಾಡುವುದು ಬಿಟ್ಟಿದ್ದಳು. ಮೊದಲು ರೂಮಿನ ಇಬ್ಬರೂ ಸೇರಿ ಸಾರು ಮಾಡುತ್ತಿದ್ದರಂತೆ. ಶಿಫ್ಟು ಬದಲಾಗಿ ಇವಳು ಕಂಪನಿ ಬಸ್ಸಿನಿಂದ ಇಳಿಯುವಾಗ ಗೆಳತಿ ಹತ್ತುತ್ತಿದ್ದಳು. ಒಂದೇ ರೂಮಿನಲ್ಲಿದ್ದು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿ ತಿಂಗಳುಗಳಾಗಿದ್ದವು. ಮೇಡಂ ಮಾತ್ರೆ ಬರೆಯಲಿಲ್ಲ. ಕಂಪನಿಗೆ ಒಂದು ಪತ್ರ ಬರೆದರು, ಶಿಫ್ಟು ಒಂದಾಯಿತು. ಎಲ್ಲರದ್ದೂ ಅಷ್ಟು ಸುಲಭವಾಗಿ ಮುಗಿಯುತ್ತದೆ ಎಂದುಕೊಳ್ಳಬೇಡಿ.

ಗಂಡಸರು ಆ ಪದವನ್ನೂ ಹೇಳುವುದಿಲ್ಲ. ಅವರಿಗೆ ಗ್ಯಾಸು. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಕೆಲಸ ಬಿಟ್ಟಿದ್ದ ಒಬ್ಬ ಹಿರಿಯರು ಗ್ಯಾಸಿನ ಮಾತ್ರೆಗೆಂದು ತಪ್ಪದೆ ಬರುತ್ತಿದ್ದರು. ಹೊಟ್ಟೆಯ ಸ್ಕ್ಯಾನು, ಎದೆಯ ಇಸಿಜಿ ಪಟ್ಟಿ, ಎಲ್ಲ ಸರಿಯಿತ್ತು. ಏನು ಬಿಟ್ಟಿದ್ದೀರಿ ಎಂದರೆ "ಬೀಡಿ ಬಿಟ್ಟಿದ್ದೀನಿ, ಇನ್ನೇನು ಬಿಡ್ಲಿ" ಎಂದು ನನ್ನನ್ನೇ ಗದರಿಸಿದರು. ಆಮೇಲೆ ಅವರ ಹೆಂಡತಿ ಹಿಂದೆ ನಿಂತು ಮೆಲ್ಲಗೆ, "ಭಜನೆಗೆ ಹೋಗೋದು ಬಿಟ್ಟವ್ರೆ ಸಿಸ್ಟರಮ್ಮ, ತಾಳ ಅಟ್ಟದ ಮೇಲೆ ಎಸೆದವ್ರೆ" ಎಂದರು. ಹಿರಿಯರು ಗೋಡೆಯ ಕಡೆ ತಿರುಗಿಕೊಂಡರು. ಆ ಭುಜ ಅಲುಗಿದ್ದು ನನಗೆ ಈಗಲೂ ಕಾಣುತ್ತದೆ.

ಈಗ ಪ್ರಶ್ನೆಗಳು ಮೊಬೈಲಿನಲ್ಲೇ ಬರುತ್ತವೆ. ಒಂದೊಂದಕ್ಕೂ ಅಂಕ, ಕೊನೆಗೆ ಕೂಡಿದರೆ ಎಷ್ಟು ಎಂದು ಅದೇ ಹೇಳುತ್ತದೆ. ದೂರವಾಣಿಯಲ್ಲೇ ಮಾತಾಡಿಸುವ ಸಹಾಯವಾಣಿಯೂ ಇದೆ, ಎಷ್ಟೋ ಜನರಿಗೆ ಅದು ಒದಗಿಬಂದಿದೆ. ನಾನು ಹಳೆಯದನ್ನೇ ಹೊಗಳುತ್ತಾ ಕೂರುವವಳಲ್ಲ. ಆದರೆ ಅಂಕ ಕೂಡುವ ಮೊದಲು ಆ ಮನೆಯೊಳಗೆ ಸುಮ್ಮನೆ ಸ್ವಲ್ಪ ಹೊತ್ತು ಕೂತು ನೋಡಿ. ಯಾಕೆಂದು ಹೇಳಬೇಕಾದರೆ ರೆಡ್ಡೆಮ್ಮನ ವಿಷಯ ಹೇಳಬೇಕು.

ರಾಯಲ್ಪಾಡಿನ ಹತ್ತಿರದ ಒಂದು ಹಳ್ಳಿ. ಅಲ್ಲಿನ ಆಶಾ ಕಾರ್ಯಕರ್ತೆ ಶಾಂತಮ್ಮ ಫೋನು ಮಾಡಿದಳು. ರೆಡ್ಡೆಮ್ಮ ಎಂಬವಳ ಒಬ್ಬಳೇ ಮಗಳು, ಏಳನೇ ಕ್ಲಾಸಿನ ಹುಡುಗಿ, ಜ್ವರದಲ್ಲಿ ತೀರಿಕೊಂಡಿದ್ದಳು. ಮೂರನೇ ದಿನದ ಹಾಲುತುಪ್ಪ ಮುಗಿದು ನೆಂಟರು ಹೊರಟಿದ್ದರು. ತಾಯಿ ಅನ್ನ ಮುಟ್ಟುತ್ತಿಲ್ಲ, ಅಳುತ್ತಲೂ ಇಲ್ಲ, ಒಂದ್ಸಲ ಬಂದು ನೋಡಿ ಎಂದಳು. ಸೋಮವಾರ ಜೀಪಿನಲ್ಲಿ ಹೋದೆ.

ಊರ ಬಾಗಿಲಲ್ಲಿ ಹತ್ತಿಕೊಂಡ ಶಾಂತಮ್ಮ ದಾರಿಯಲ್ಲಿ ಮಾತಿಗೆ ಮಾತು ಬಂದು ಹೇಳಿದಳು: "ಪಾಪ, ಹೊಲಿಗೆ ಮೆಷಿನ್ ನಂಗೆ ಕೊಟ್ಬಿಟ್ಳು ಸಿಸ್ಟರೇ. ಬೇಡ ಅಂದ್ರೂ ಕೇಳ್ಲಿಲ್ಲ. ಹಸೂನ ಅಕ್ಕನ ಮನೆಗೆ ಹೊಡ್ಸಿದ್ಳು. ರೇಷ್ಮೆ ಸೀರೆ ನಾದಿನಿಗೆ."

"ಮನೆಯವರು ಏನೂ ಅನ್ಲಿಲ್ವಾ?"

"ಏನಂತಾರೆ? ಮಗು ಹೋದ ಮೇಲೆ ಯಾವುದು ಬೇಕಾಗುತ್ತೆ ಅಂತಾರೆ."

ಸಾವಿನ ಮನೆಯಲ್ಲಿ ತಾಯಿ ಊಟ ಬಿಡುತ್ತಾಳೆ, ನಿದ್ದೆ ಬಿಡುತ್ತಾಳೆ, ಅದು ದುಃಖ. ಇದು ಅದಲ್ಲ. ಇವಳು ತನ್ನದನ್ನೆಲ್ಲ ಒಂದೊಂದಾಗಿ ಅವರವರಿಗೆ ಒಪ್ಪಿಸಿ ಕೈ ಖಾಲಿ ಮಾಡಿಕೊಳ್ಳುತ್ತಿದ್ದಳು. ಊರಿನವರು ವೈರಾಗ್ಯ ಎಂದು ಕಣ್ಣೊರೆಸಿಕೊಂಡು ತೆಗೆದುಕೊಳ್ಳುತ್ತಿದ್ದರು.

ರೆಡ್ಡೆಮ್ಮ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಅವಳಿಂದ ಒಂದೇ ಮಾತು ಬಂತು. "ಬೇಜಾರುಗಾ ಉಂದಕ್ಕಾ." ಬೇಜಾರಾಗಿದೆ ಅಕ್ಕ. ಬಸ್ಸು ತಪ್ಪಿದವರು ಹೇಳುವ ದನಿಯಲ್ಲೇ ಹೇಳಿದಳು. ಸಾಯಬೇಕು ಅನ್ನಿಸುತ್ತಾ ಎಂದು ನೇರವಾಗಿ ತೆಲುಗಿನಲ್ಲೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ಹುಟ್ಟುವುದಿಲ್ಲ, ಧೈರ್ಯವಾಗಿ ಕೇಳಿ. ಅವಳು ಉತ್ತರ ಕೊಡಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಮೇಡಂಗೆ ಫೋನು ಮಾಡಿದೆ. ಕೋಲಾರಕ್ಕೆ ಕರೆತಂದು ದಾಖಲು ಮಾಡಿ ಎಂದರು. ಗಂಡ ಟೊಮ್ಯಾಟೊ ಲಾರಿ ಓಡಿಸುವವನು, ತಲೆ ಕೆಳಗೆ ಹಾಕಿಕೊಂಡು ನಿಂತ. ಅತ್ತೆ ವೆಂಕಟಮ್ಮ ಮಾತ್ರ ಸುತರಾಂ ಒಪ್ಪಲಿಲ್ಲ. ಸೂತಕ ಕಳೆಯದೆ ಸೊಸೆ ಹೊಸಿಲು ದಾಟುವಂತಿಲ್ಲ ಎಂದರು. ಕೊನೆಗೆ ಆಗಿದ್ದಿಷ್ಟು: ಮೇಡಂ ಹೇಳಿದ ಮಾತ್ರೆ ಶುರುಮಾಡಿದೆ. ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಶಾಂತಮ್ಮನ ಮನೆಗೆ ಸಾಗಿಸಿ ಬೀಗ ಹಾಕಿಸಿದೆ. ಆಮೇಲೆ ಎದ್ದೆ. ಎದ್ದು, ಪ್ರತಿ ಮನೆಯಲ್ಲೂ ಹೇಳುವ ಹಾಗೇ ಹೇಳಿಬಿಟ್ಟೆ.

"ಬರ್ತೀನಮ್ಮಾ. ಬುಧವಾರ ಮತ್ತೆ ಬರ್ತೀನಿ."

ಶಾಂತಮ್ಮ ನನ್ನ ತೋಳು ಚಿವುಟಿದಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿನ ಮನೆಯಿಂದ ಹೊರಡುವಾಗ ಹೋಗಿಬರ್ತೀನಿ ಎನ್ನಬಾರದು. ಬರುತ್ತೇನೆ ಎಂದರೆ ಆ ಮನೆಗೆ ಮತ್ತೊಂದು ಸಾವನ್ನು ಕರೆದ ಹಾಗೆ. ಮಾತಿಲ್ಲದೆ ಎದ್ದು, ಹಿಂದೆ ತಿರುಗದೆ ಹೋಗಬೇಕು. ನಾನೂ ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು, ಹುಟ್ಟಿದಾಗಿನಿಂದ ಹಾಗೇ ಎದ್ದು ಬಂದವಳು. ಆದರೆ ನಾಲಿಗೆಗೆ ನೌಕರಿಯ ಅಭ್ಯಾಸ ಅಂಟಿಕೊಂಡಿತ್ತು.

ವೆಂಕಟಮ್ಮ ಎದ್ದು ನಿಂತರು. "ಚಾವು ಇಂಟ್ಲೋ ಎವರನ್ನಾ ವಸ್ತಾನಂಟಾರಾ? ಸಾವಿನ ಮನೇಲಿ ಬರ್ತೀನಿ ಅಂತಾರಾ? ಓದಿದೋಳು ನೀನು, ಅಷ್ಟು ಗೊತ್ತಾಗಲ್ವಾ? ಇನ್ನೊಂದು ಹೆಣ ಬೀಳ್ಬೇಕಾ ಈ ಮನೇಲಿ?" ಎಂದು ಕೂಗಾಡಿದರು. ಕೂಗಾಡುತ್ತಲೇ ಅತ್ತುಬಿಟ್ಟರು. ನಾನು ಕೈ ಮುಗಿದು ಹೊರಗೆ ಬಂದೆ. ಜೀಪಿನ ಡ್ರೈವರು ಕೂಡ ಶ್ರೀನಿವಾಸಪುರದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಬುಧವಾರ ಬೆಳಿಗ್ಗೆ ನೋಡಿದರೆ ಜೀಪು ರಿಪೇರಿಗೆ ಹೋಗಿದೆ. ಮೇಡಂ ಕೂಡ ಬೆಂಗಳೂರಿನ ಮೀಟಿಂಗಿಗೆ ಹೋಗಿದ್ದರು. ಆಫೀಸಿನಲ್ಲಿ ಮುಂದಿನ ವಾರ ಹೋಗಿ ಸಿಸ್ಟರ್ ಎಂದರು. ನಿಜ ಹೇಳುತ್ತೇನೆ, ನನಗೂ ಒಳಗೊಳಗೆ ಹಾಯೆನಿಸಿತು. ಮಂಡಿ ನೋಯುತ್ತಿತ್ತು, ಆ ಮುದುಕಿಯ ಬಾಯಿಗೆ ಮತ್ತೆ ಬೀಳುವುದು ಯಾರಿಗೆ ಬೇಕಿತ್ತು. ಶಾಂತಮ್ಮನಿಗೆ ಫೋನು ಮಾಡಿದರೆ ರೆಡ್ಡೆಮ್ಮ ಹಾಗೇ ಇದ್ದಾಳೆ, ಮಾತ್ರೆ ನುಂಗಿಸಿದ್ದೀವಿ ಎಂದಳು. ಸರಿ, ಹಾಗಾದರೆ ಮುಂದಿನ ವಾರ ಎಂದುಕೊಂಡು ಟೀ ತರಿಸಿದೆ. ಟೀ ಕುಡಿಯುತ್ತಾ ಆ ಹೊಲಿಗೆ ಮೆಷಿನ್ನು, ಆ ಹಸು, ಆ ಸೀರೆ ಕಣ್ಣ ಮುಂದೆ ಬಂದವು. ಲೋಟ ಅರ್ಧಕ್ಕೇ ಇಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿ, ರಾಯಲ್ಪಾಡಿನಲ್ಲಿ ಇಳಿದು ಆಟೋ ಹಿಡಿದು ಆ ಹಳ್ಳಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ವೆಂಕಟಮ್ಮ ಹೊಸಿಲಿನ ಮೇಲೇ ಕೂತಿದ್ದರು. ನನ್ನನ್ನು ಕಂಡು ಎರಡೂ ಕೈ ಅಡ್ಡ ಚಾಚಿದರು.

"ಒಳಗೆ ಬರ್ಬೇಡಮ್ಮಾ. ಕೈ ಮುಗೀತೀನಿ. ಮೊಮ್ಮಗಳು ಹೋದ್ಳು. ಇವಳನ್ನೂ ಕಳ್ಕೊಳ್ಳೋ ಶಕ್ತಿ ನಂಗಿಲ್ಲ."

ನಾನು ಹೆದರುತ್ತಿದ್ದದ್ದು ಯಾವುದಕ್ಕೋ ಅವರೂ ಅದಕ್ಕೇ ಹೆದರುತ್ತಿದ್ದರು. ಅದು ಗೊತ್ತಾದ ಮೇಲೆ ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು. ವಾದ ಮಾಡದೆ ಬೀದಿಯಲ್ಲೇ, ಎದುರು ಮನೆಯ ಜಗಲಿಯ ಮೇಲೆ ಕೂತೆ. ಶಾಂತಮ್ಮ ನೀರು ತಂದುಕೊಟ್ಟಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಅಷ್ಟರಲ್ಲಿ ಒಳಗಿನಿಂದ ರೆಡ್ಡೆಮ್ಮ ಬಂದು ಅತ್ತೆಯ ಹಿಂದೆ ನಿಂತಳು. ಸೋಮವಾರ ಕೂತಲ್ಲಿಂದ ಅಲುಗದಿದ್ದವಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಬುಧವಾರಮು ವಸ್ತಾನಂಟಿರಿ ಕದಕ್ಕಾ" ಎಂದಳು. ಬುಧವಾರ ಬರ್ತೀನಿ ಅಂದಿದ್ರಿ ಅಲ್ವಾ ಅಕ್ಕ.

ವೆಂಕಟಮ್ಮ ತಿರುಗಿ ಸೊಸೆಯ ಮುಖ ನೋಡಿದರು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಒಂದು ಪೂರ್ತಿ ಮಾತು ಬಂದಿತ್ತು. ಅವರು ನಿಧಾನಕ್ಕೆ ಕಾಲು ಮಡಚಿಕೊಂಡು ದಾರಿ ಬಿಟ್ಟರು. ನಾನು ಒಳಗೆ ಹೋದೆ. ಅವತ್ತೂ ಅವಳು ಹೆಚ್ಚೇನೂ ಮಾತಾಡಲಿಲ್ಲ. ಹೊರಡುವಾಗ ನಾನು ಬಾಯಿ ಬಿಗಿ ಹಿಡಿದು ವೆಂಕಟಮ್ಮನ ಕಡೆ ನೋಡಿದೆ. ಅವರು ಮುಖ ಬೇರೆ ಕಡೆ ತಿರುಗಿಸಿ, "ಯಾವತ್ತು ಅಂತ ಹೇಳಿ ಹೋಗು" ಎಂದರು. ಶನಿವಾರ ಎಂದೆ.

ಅವಳು ಸುಧಾರಿಸಿದ್ದು ಕಥೆಗಳಲ್ಲಿ ಆಗುವ ಹಾಗಲ್ಲ. ಸೂತಕ ಕಳೆದ ಮೇಲೆ ವೆಂಕಟಮ್ಮನೇ ಜೊತೆಗೆ ಕೂತು ಕೋಲಾರಕ್ಕೆ ಕರೆತಂದರು. ಒಂದು ಮಾತ್ರೆ ಒಗ್ಗಲಿಲ್ಲ, ಮೇಡಂ ಬೇರೆ ಕೊಟ್ಟರು. ನಡುವೆ ಮತ್ತೆ ಕುಸಿದಳು, ಮತ್ತೆ ಎದ್ದಳು. ಮಗಳ ಸ್ಕೂಲಿನ ಮಕ್ಕಳು ಬೀದಿಯಲ್ಲಿ ಹೋದರೆ ಕದ ಹಾಕಿಕೊಳ್ಳುತ್ತಿದ್ದಳು, ಅದು ಬಹಳ ಕಾಲ ಹೋಗಲಿಲ್ಲ. ಹಸು ವಾಪಸು ಬಂತು. ಹೊಲಿಗೆ ಮೆಷಿನ್ನನ್ನು ಶಾಂತಮ್ಮ ತಾನೇ ತಲೆಯ ಮೇಲೆ ಹೊತ್ತು ತಂದಿಟ್ಟಳು. ರೇಷ್ಮೆ ಸೀರೆಯನ್ನು ನಾದಿನಿ ಕೊಡಲಿಲ್ಲ, ಆ ವಿಷಯಕ್ಕೆ ರೆಡ್ಡೆಮ್ಮ ಜಗಳ ಆಡಿದಳು ಎಂದು ಕೇಳಿದ ದಿನ ಮೇಡಂ ನಕ್ಕಿದ್ದನ್ನು ನಾನು ಕಣ್ಣಾರೆ ನೋಡಿದೆ.

ನಾನು ನಿವೃತ್ತಿಯಾಗುವ ಮೊದಲು ಕೊನೆಯ ಸಲ ಆ ಕಡೆ ಹೋದಾಗ ಅವಳು ಟೊಮ್ಯಾಟೊ ತೋಟದಲ್ಲಿ ಕಡ್ಡಿಗೆ ದಾರ ಕಟ್ಟುತ್ತಿದ್ದಳು. ಬದುವಿನ ಮೇಲೆ ಕೂತೆವು. ಅದೂ ಇದೂ ಮಾತಾಡಿದ ಮೇಲೆ, ನಾನು ಕೇಳದೆಯೇ, ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳತೊಡಗಿದಳು. ಅಷ್ಟು ಹೊತ್ತಿಗೆ ಅವಳು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಅಕ್ಕಾ, ಆ ಮಂಗಳವಾರಕ್ಕೆ ಅಂತ ನಾನು ಮನಸ್ಸು ಮಾಡಿಬಿಟ್ಟಿದ್ದೆ. ಮನೆಯವರು ಲೋಡ್ ತಗೊಂಡು ಹೋಗ್ತಿದ್ರು. ನಿಮ್ಮ ಮಾತ್ರೆ, ನಮ್ಮತ್ತೆ ಕಾವಲು, ಯಾವುದೂ ನಂಗೆ ಅಡ್ಡ ಆಗ್ತಿರ್ಲಿಲ್ಲ."

"ಮತ್ತೆ?"

"ಬಂದೋರೆಲ್ಲ ಸುಮ್ಮನೆ ಎದ್ದು ಹೋಗಿದ್ರು ಅಕ್ಕಾ. ನೀವೊಬ್ರು ಬುಧವಾರ ಬರ್ತೀನಿ ಅಂದ್ರಿ. ಅಷ್ಟು ದೂರದಿಂದ ಬಂದೋರಿಗೆ ನಾನಿಲ್ಲ ಅಂದ್ರೆ ಹೆಂಗೆ ಅನ್ನಿಸ್ತು. ಬುಧವಾರ ಬಂದು ಹೋಗ್ಲಿ, ಆಮೇಲೆ ನೋಡೋಣ ಅಂದ್ಕೊಂಡೆ. ಬುಧವಾರ ಬಂದು ನೀವು ಶನಿವಾರ ಅಂದ್ರಿ."

ಅಷ್ಟು ಹೇಳಿ ಎದ್ದು ಮುಂದಿನ ಗಿಡಕ್ಕೆ ದಾರ ಕಟ್ಟತೊಡಗಿದಳು. ಮುಂದಿನ ವಾರ ಹೋದರಾಯಿತು ಎಂದುಕೊಂಡು ಅವತ್ತು ನಾನು ಟೀ ತರಿಸಿದ್ದನ್ನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.